ಸಾಂದ್ರತೆ ಏರಿದರೂ ಮುರಿಯುವ ಮೂಳೆ: ಹಾರ್ಮೋನು, ಸಕ್ಕರೆ ಮತ್ತು ತೂಕದ ಬಗ್ಗೆ ಹೊಸ ಸಂಶೋಧನೆ ಹೇಳುತ್ತಿರುವುದೇನು?

ಟೆಸ್ಟೋಸ್ಟೆರಾನ್ ಕಡಿಮೆ ಇರುವ ಗಂಡಸರಿಗೆ ಆ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆ ಎಂದು ವೈದ್ಯರು ಬಹಳ ಕಾಲ ನಂಬಿದ್ದರು. ಆ ನಂಬಿಕೆಗೆ ಕಾರಣವೂ ಇತ್ತು. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಾರ್ಮೋನು ಪಡೆದವರ ಮೂಳೆ ಸಾಂದ್ರತೆ ನಿಜವಾಗಿಯೂ ಏರಿತ್ತು. ಸ್ಕ್ಯಾನ್ ನೋಡಿ ಲೆಕ್ಕ ಹಾಕಿದ ಮೂಳೆಯ ಬಲವೂ ಹೆಚ್ಚಿತ್ತು. ಹಾಗಿದ್ದ ಮೇಲೆ ಮೂಳೆ ಮುರಿಯುವುದು ಕಡಿಮೆಯಾಗಬೇಕು ಅಲ್ವಾ?

2024ರ ಜನವರಿಯಲ್ಲಿ ಟ್ರಾವರ್ಸ್ ಎಂಬ ದೊಡ್ಡ ಪ್ರಯೋಗದ ಉತ್ತರ ಬಂತು. 5,204 ಗಂಡಸರು ಅದರಲ್ಲಿದ್ದರು. ಎಲ್ಲರೂ 45ರಿಂದ 80 ವರ್ಷದೊಳಗಿನವರು, ಟೆಸ್ಟೋಸ್ಟೆರಾನ್ ಕಡಿಮೆ ಇದ್ದವರು, ಹೃದಯದ ಕಾಯಿಲೆ ಇದ್ದವರು ಅಥವಾ ಅದರ ಅಪಾಯ ಜಾಸ್ತಿ ಇದ್ದವರು. ಅರ್ಧ ಜನಕ್ಕೆ ಹಾರ್ಮೋನಿನ ಜೆಲ್, ಉಳಿದವರಿಗೆ ಬರೀ ಜೆಲ್. ಸುಮಾರು ಮೂರು ವರ್ಷ ಗಮನಿಸಿದರು. ಬರೀ ಜೆಲ್ ಹಚ್ಚಿಕೊಂಡವರಲ್ಲಿ ಶೇ. 2.46 ಮಂದಿಗೆ ಮೂಳೆ ಮುರಿದಿತ್ತು. ಹಾರ್ಮೋನು ಪಡೆದವರಲ್ಲಿ ಶೇ. 3.50 ಮಂದಿಗೆ. ಅಂದರೆ ಎಲ್ಲರೂ ಎದುರು ನೋಡಿದ್ದಕ್ಕೆ ಪೂರ್ತಿ ಉಲ್ಟಾ.

ಯಾಕೆ ಹೀಗಾಯಿತು ಎಂಬುದು ಇನ್ನೂ ಚರ್ಚೆಯಲ್ಲಿದೆ. ವ್ಯತ್ಯಾಸ ಪ್ರಯೋಗದ ಮೊದಲ ದಿನಗಳಿಂದಲೇ ಕಾಣತೊಡಗಿತ್ತು. ಅಷ್ಟು ಬೇಗ ಮೂಳೆಯ ರಚನೆ ಕೆಡುವುದು ಕಷ್ಟ. ಹಾರ್ಮೋನು ಸಿಕ್ಕವರಿಗೆ ಚೈತನ್ಯ ಬಂದು, ಓಡಾಟ ಹೆಚ್ಚಾಗಿ, ಬೀಳುವುದೂ ಹೆಚ್ಚಾಗಿರಬಹುದು ಎಂಬ ಊಹೆ ಇದೆ. ಕಾರಣ ಏನೇ ಇರಲಿ, ನನಗೆ ಈ ಫಲಿತಾಂಶ ಬಹಳ ಮುಖ್ಯ ಅನ್ನಿಸುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಹಾರ್ಮೋನು, ಸಕ್ಕರೆ ಕಾಯಿಲೆ, ಬೊಜ್ಜು, ಮೂಳೆ ಸವೆತ ಇವುಗಳ ಮೇಲೆ ನಡೆದ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಎಚ್ಚರಿಕೆ ಮತ್ತೆ ಮತ್ತೆ ಎದುರಾಗುತ್ತದೆ. ಲ್ಯಾಬ್ ವರದಿಯ ಅಂಕಿ ಸರಿಹೋದ ಮಾತ್ರಕ್ಕೆ ಮನುಷ್ಯನ ಮೂಳೆ ಉಳಿಯುತ್ತದೆ ಎಂದು ಹೇಳಲಾಗದು. ಜೊತೆಗೆ, ದೇಹದಲ್ಲಿ ಯಾವ ಹಾರ್ಮೋನನ್ನು ಅಲುಗಾಡಿಸಿದರೂ ಅದರ ಪೆಟ್ಟೋ ಲಾಭವೋ ಮೂಳೆಗೆ ತಲುಪಿಯೇ ತಲುಪುತ್ತದೆ.

ಇದು ಅರ್ಥವಾಗಲು ಮೂಳೆಯೊಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡಬೇಕು.

ಕೆಡವುವವರು, ಕಟ್ಟುವವರು, ಮೇಸ್ತ್ರಿಗಳು

ಮೂಳೆ ಎಂದರೆ ಒಣಗಿದ ಗಟ್ಟಿ ವಸ್ತು ಎಂದೇ ಬಹಳ ಜನರ ಕಲ್ಪನೆ. ಆದರೆ ಅದು ದಿನವೂ ಬದಲಾಗುವ ಜೀವಂತ ಅಂಗ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಮೂಳೆ ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಳೇ ಮನೆಯನ್ನು ಅದರಲ್ಲಿ ವಾಸ ಮಾಡುತ್ತಲೇ ಒಂದೊಂದು ಗೋಡೆಯಾಗಿ ಕೆಡವಿ ಕಟ್ಟಿಸಿಕೊಳ್ಳುವ ಹಾಗೆ.

ಕೆಡವುವ ಕೆಲಸ ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳದ್ದು. ಅವು ಆಮ್ಲ ಸುರಿಸಿ ಹಳೆಯ ಮೂಳೆಯನ್ನು ಕರಗಿಸುತ್ತವೆ. ಆಸ್ಟಿಯೊಬ್ಲಾಸ್ಟ್ ಎಂಬ ಇನ್ನೊಂದು ಬಗೆಯ ಕೋಶಗಳು ಆ ಗುಂಡಿಯನ್ನು ತುಂಬುತ್ತವೆ. ಮೊದಲು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಹಾಸಿ, ಆಮೇಲೆ ಅದರ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂರಿಸುತ್ತವೆ. ಎಳೆ ಇರುವುದರಿಂದ ಮೂಳೆ ಸ್ವಲ್ಪ ಬಾಗುತ್ತದೆ, ಖನಿಜ ಇರುವುದರಿಂದ ಗಟ್ಟಿಯಾಗಿರುತ್ತದೆ. ಎರಡೂ ಬೇಕು. ಈ ಮಾತು ನೆನಪಿರಲಿ, ಸಕ್ಕರೆ ಕಾಯಿಲೆಯ ವಿಷಯ ಬಂದಾಗ ಇದೇ ಮುಖ್ಯವಾಗುತ್ತದೆ.

ಕಟ್ಟುವ ಕೋಶಗಳಲ್ಲಿ ಕೆಲವು ತಾವೇ ಕಟ್ಟಿದ ಮೂಳೆಯೊಳಗೆ ಹುದುಗಿ ಉಳಿದುಬಿಡುತ್ತವೆ. ಆಗ ಅವುಗಳ ಹೆಸರು ಆಸ್ಟಿಯೊಸೈಟ್. ಮೂಳೆಯ ಕೋಶಗಳಲ್ಲಿ ಶೇ. 90ಕ್ಕೂ ಹೆಚ್ಚು ಇವೇ. ಹಿಂದೆ ಇವನ್ನು ಸುಮ್ನೆ ಮಲಗಿರುವ ಕೋಶಗಳು ಎಂದುಕೊಂಡಿದ್ದರು. ಈಗ ಗೊತ್ತಾಗಿರುವುದೇ ಬೇರೆ. ಇಡೀ ಕೆಲಸದ ಮೇಸ್ತ್ರಿಗಳು ಇವೇ. ಮೂಳೆಯ ಮೇಲೆ ಎಷ್ಟು ಭಾರ ಬೀಳುತ್ತಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ತಿಳಿದು, ಎಲ್ಲಿ ಕೆಡವಬೇಕು ಎಲ್ಲಿ ಕಟ್ಟಬೇಕು ಎಂದು ಸೂಚನೆ ಕಳಿಸುತ್ತವೆ. ವ್ಯಾಯಾಮದಿಂದ ಮೂಳೆ ಬಲವಾಗುವುದೂ, ಭಾರವೇ ಬೀಳದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುವುದೂ ಈ ಕೋಶಗಳ ಲೆಕ್ಕಾಚಾರದಿಂದಲೇ.

ಈ ಕೆಲಸಕ್ಕೆ ಮೇಲಿನಿಂದ ಹಾರ್ಮೋನುಗಳ ಹಿಡಿತ ಇರುತ್ತದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99 ಭಾಗ ಮೂಳೆಯಲ್ಲಿದೆ. ಉಳಿದ ಚೂರುಪಾರು ರಕ್ತದಲ್ಲಿ ಮತ್ತು ಕೋಶಗಳಲ್ಲಿದೆ. ಆದರೆ ಹೃದಯ ಬಡಿಯಲು, ಸ್ನಾಯು ಕುಗ್ಗಲು, ನರ ಸಂದೇಶ ಕಳಿಸಲು ಆ ಚೂರುಪಾರೇ ಬೇಕು. ರಕ್ತದಲ್ಲಿ ಅದು ಸ್ವಲ್ಪ ಇಳಿದರೂ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ಎಳೆಸುತ್ತವೆ. ಮೂಳೆಗಿಂತ ಹೃದಯ ಮುಖ್ಯ ಎಂಬುದು ದೇಹದ ತೀರ್ಮಾನ. ಕಾರ್ಟಿಸೋನ್ ಜಾತಿಯ ಸ್ಟೀರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತಗೊಂಡರೆ ಕಟ್ಟುವ ಕೋಶಗಳು ಸೊರಗುತ್ತವೆ. ಥೈರಾಯ್ಡ್ ಹಾರ್ಮೋನು ಅತಿಯಾದರೆ ಕೆಡವುವ ವೇಗ ಏರುತ್ತದೆ.

ಗಂಡಸಿನ ಮೂಳೆಗೂ ಈಸ್ಟ್ರೋಜೆನ್ ಬೇಕು

1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಯುವಕನ ಬಗ್ಗೆ ಬರೆದರು. ಅವನ ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಕೈಯ ಎಕ್ಸ್‌ರೇ ನೋಡಿದರೆ ಮೂಳೆ 15ರ ಹುಡುಗನದ್ದರಂತಿತ್ತು. ಆದರೆ ಮೂಳೆ ಸವೆತ ಮಾತ್ರ ವಯಸ್ಸಾದವರಿಗೆ ಇರುವಂಥದ್ದು. ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ಈಸ್ಟ್ರೋಜೆನ್ ಕೂಡ ರಕ್ತದಲ್ಲಿ ಬೇಕಾದಷ್ಟು ಇತ್ತು. ಕೊರತೆ ಇದ್ದದ್ದು ಗ್ರಾಹಕದಲ್ಲಿ. ಕೋಶಗಳಲ್ಲಿ ಈಸ್ಟ್ರೋಜೆನ್ ಹಿಡಿದುಕೊಳ್ಳುವ ಪ್ರೋಟೀನಿನ ಜೀನ್ ಕೆಟ್ಟಿತ್ತು, ಹಾಗಾಗಿ ಹಾರ್ಮೋನು ಇದ್ದರೂ ಅದರ ಮಾತು ಯಾವ ಕೋಶಕ್ಕೂ ಕೇಳುತ್ತಿರಲಿಲ್ಲ.

ಹೆಂಗಸರ ಹಾರ್ಮೋನು ಎಂದು ಬದಿಗಿಟ್ಟಿದ್ದ ಈಸ್ಟ್ರೋಜೆನ್ ಗಂಡಸರಲ್ಲೂ ಮೂಳೆಯ ಬೆಳವಣಿಗೆಯನ್ನು ಸರಿಯಾದ ವಯಸ್ಸಿಗೆ ನಿಲ್ಲಿಸುತ್ತದೆ, ಆಮೇಲೆ ಮೂಳೆಯನ್ನು ಕಾಪಾಡುತ್ತದೆ ಎಂದು ಆ ಒಬ್ಬ ರೋಗಿಯಿಂದ ಜಗತ್ತು ಕಲಿಯಿತು. ಗಂಡಸರ ದೇಹದಲ್ಲಿ ಟೆಸ್ಟೋಸ್ಟೆರಾನ್‌ನ ಒಂದು ಪಾಲು ಈಸ್ಟ್ರೋಜೆನ್ ಆಗಿ ಬದಲಾಗಿ ಮೂಳೆಗೆ ಒದಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಈಸ್ಟ್ರೋಜೆನ್ ಒಮ್ಮೆಲೇ ಇಳಿಯುತ್ತದೆ. ಕೆಡವುವ ಕೋಶಗಳ ಕಡಿವಾಣ ಸಡಿಲವಾಗುತ್ತದೆ. ಆ ಕೆಲವು ವರ್ಷ ಬೆನ್ನುಮೂಳೆ ವರ್ಷಕ್ಕೆ ಸುಮಾರು ಶೇ. 2ರ ವೇಗದಲ್ಲಿ ಸವೆಯುತ್ತದೆ. ನೋವಿಲ್ಲ, ಲಕ್ಷಣವಿಲ್ಲ. ಎಷ್ಟೋ ಜನರಿಗೆ ಗೊತ್ತಾಗುವುದು ಒಂದು ಮೂಳೆ ಮುರಿದ ಮೇಲೆಯೇ. ಇಷ್ಟು ಸಾಮಾನ್ಯವಾದ, ಇಷ್ಟು ಮೊದಲೇ ಗೊತ್ತಾಗಬಹುದಾದ ತೊಂದರೆಯನ್ನು ನಾವು ಇಷ್ಟು ತಡವಾಗಿ ಗಮನಿಸುತ್ತೇವಲ್ಲ ಎಂಬುದು ನನ್ನನ್ನು ನಿಜವಾಗಿ ಕಾಡುವ ವಿಷಯ.

ಗ್ರಾಹಕದ ಈ ತಿಳಿವಳಿಕೆಯಿಂದ ಔಷಧಿಗಳೂ ಬಂದವು. ಒಂದೇ ಹಾರ್ಮೋನಿನ ಮಾತನ್ನು ಒಂದು ಅಂಗಕ್ಕೆ ಕೇಳಿಸಿ, ಇನ್ನೊಂದಕ್ಕೆ ಕೇಳಿಸದಂತೆ ಮಾಡಲು ಬರುತ್ತದೆಯೇ? 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರ‍್ಯಾಲೊಕ್ಸಿಫೀನ್ ಮೂಳೆಯಲ್ಲಿ ಈಸ್ಟ್ರೋಜೆನ್‌ನಂತೆ ನಡೆದುಕೊಳ್ಳುತ್ತದೆ, ಸ್ತನದಲ್ಲಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಇದೇ ಯೋಚನೆ 2024ರ ಮಾರ್ಚ್‌ನಲ್ಲಿ ಯಕೃತ್ತಿನ ಕಾಯಿಲೆಗೆ ಒದಗಿತು. ಥೈರಾಯ್ಡ್ ಹಾರ್ಮೋನು ಯಕೃತ್ತಿನ ಕೊಬ್ಬನ್ನು ಕರಗಿಸುತ್ತದೆ, ಆದರೆ ಜಾಸ್ತಿಯಾದರೆ ಹೃದಯವನ್ನೂ ಮೂಳೆಯನ್ನೂ ಕೆಡಿಸುತ್ತದೆ. ಹೃದಯ ಮತ್ತು ಮೂಳೆಯಲ್ಲಿ ಮುಖ್ಯವಾಗಿ ಇರುವುದು ಆಲ್ಫಾ ಗ್ರಾಹಕ, ಯಕೃತ್ತಿನಲ್ಲಿ ಬೀಟಾ ಗ್ರಾಹಕ. ಬೀಟಾವನ್ನೇ ಹುಡುಕಿ ಹಿಡಿಯುವ ರೆಸ್ಮೆಟಿರೋಮ್ ಮಾತ್ರೆಗೆ ಅನುಮತಿ ಸಿಕ್ಕಿತು. 966 ಜನರ ಪ್ರಯೋಗದಲ್ಲಿ, ಹೆಚ್ಚಿನ ಡೋಸ್ ಪಡೆದವರಲ್ಲಿ ಶೇ. 29.9 ಮಂದಿಗೆ ಕೊಬ್ಬಿನಿಂದ ಬಂದ ಯಕೃತ್ತಿನ ಉರಿಯೂತ ಇಳಿದಿತ್ತು. ಔಷಧಿಯಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 9.7 ಮಂದಿಗೆ.

ಸಕ್ಕರೆ ಕಾಯಿಲೆಯ ಒಗಟು

ಮೂಳೆ ಸಾಂದ್ರತೆಯನ್ನು ಡೆಕ್ಸಾ ಎಂಬ ಸ್ಕ್ಯಾನ್ ಅಳೆಯುತ್ತದೆ. ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿ ಟಿ ಸ್ಕೋರ್ ಕೊಡುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1994ರಲ್ಲಿ ಗೆರೆ ಎಳೆದರು. ಉಪಯೋಗದ ಗೆರೆಯೇ. ಆದರೆ ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ದಾರಿ ತಪ್ಪಿಸುತ್ತದೆ.

ಇವರ ಮೂಳೆ ಸಾಂದ್ರತೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಎಷ್ಟೋ ಸಲ ಉಳಿದವರಿಗಿಂತ ಹೆಚ್ಚೇ ಇರುತ್ತದೆ. ಆದರೂ ಸೊಂಟದ ಮೂಳೆ ಮುರಿಯುವುದು ಇವರಲ್ಲಿ ಜಾಸ್ತಿ. ಒಂದೇ ಟಿ ಸ್ಕೋರ್ ಇರುವ ಇಬ್ಬರಲ್ಲಿ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಟೈಪ್ 1 ಕಾಯಿಲೆಯಲ್ಲಂತೂ ಸಾಂದ್ರತೆಯೂ ಕಡಿಮೆ, ಸೊಂಟ ಮುರಿಯುವ ಅಪಾಯವೂ ಹಲವು ಪಟ್ಟು.

ಖನಿಜ ಸಾಕಷ್ಟು ಇದ್ದರೂ ಮೂಳೆ ಯಾಕೆ ಮುರಿಯುತ್ತದೆ? ಒಂದು ಕಾರಣ ಆ ಕೊಲಾಜೆನ್ ಎಳೆಗಳಲ್ಲಿದೆ. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಅದು ಎಳೆಗಳಿಗೆ ಅಂಟಿಕೊಂಡು ಒಂದಕ್ಕೊಂದನ್ನು ಬಿಗಿದುಹಾಕುತ್ತದೆ. ಮೂಳೆ ಬಾಗುವ ಗುಣ ಕಳೆದುಕೊಂಡು ಪೆಡಸಾಗುತ್ತದೆ. ಡೆಕ್ಸಾ ಖನಿಜವನ್ನು ಮಾತ್ರ ನೋಡುತ್ತದೆ, ಎಳೆಯನ್ನು ನೋಡುವುದಿಲ್ಲ. ಎರಡನೆಯದು, ಈ ಕಾಯಿಲೆಯಲ್ಲಿ ಕೆಡವಿ ಕಟ್ಟುವ ಕೆಲಸವೇ ನಿಧಾನವಾಗುತ್ತದೆ. ಹಳೆಯ ಮೂಳೆ, ಸಣ್ಣ ಬಿರುಕುಗಳ ಸಮೇತ, ಹಾಗೇ ಉಳಿದುಬಿಡುತ್ತದೆ. ಮೂರನೆಯದನ್ನು ಮೂಳೆ ತಜ್ಞರೂ ಮರೆಯುವುದುಂಟು: ಪಾದದ ಸ್ಪರ್ಶ ಕಳೆದುಕೊಂಡವರು, ಕಣ್ಣು ಮಂಜಾದವರು, ಸಕ್ಕರೆ ಇಳಿದು ತಲೆ ಸುತ್ತುವವರು ಹೆಚ್ಚು ಬೀಳುತ್ತಾರೆ.

ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಅಪಾಯ ಎಷ್ಟು ಎಂದು ಲೆಕ್ಕ ಹಾಕುವ ಫ್ರ್ಯಾಕ್ಸ್ ಎಂಬ ಸಾಧನ ಇದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2008ರಲ್ಲಿ ಬಳಕೆಗೆ ಬಂತು. ಅದರ ಮೂಲ ಪ್ರಶ್ನಾವಳಿಯಲ್ಲಿ ಟೈಪ್ 2 ಸಕ್ಕರೆ ಕಾಯಿಲೆಗೆ ಪ್ರತ್ಯೇಕ ಜಾಗವೇ ಇರಲಿಲ್ಲ. ಹಾಗಾಗಿ ತಿಳಿದ ವೈದ್ಯರು ಅದರ ಬದಲು ಸಂಧಿವಾತದ ಚೌಕಕ್ಕೆ ಗುರುತು ಹಾಕಿ ಅಪಾಯವನ್ನು ಅಂದಾಜು ಮಾಡುತ್ತಿದ್ದರು.

ಸಕ್ಕರೆ ಇಳಿಸುವ ಔಷಧಿಗಳೂ ಮೂಳೆಯ ವಿಷಯದಲ್ಲಿ ಒಂದೇ ತರ ಇಲ್ಲ. ಗ್ಲಿಟಜೋನ್ ಗುಂಪಿನ ಮಾತ್ರೆಗಳು ಇದಕ್ಕೆ ಒಳ್ಳೆಯ ಪಾಠ. ಮೂಳೆಯ ಮಜ್ಜೆಯಲ್ಲಿ ಒಂದೇ ತಾಯಿಕೋಶದಿಂದ ಮೂಳೆ ಕಟ್ಟುವ ಕೋಶವೂ ಹುಟ್ಟಬಹುದು, ಕೊಬ್ಬಿನ ಕೋಶವೂ ಹುಟ್ಟಬಹುದು. ಈ ಮಾತ್ರೆಗಳು ಅದನ್ನು ಕೊಬ್ಬಿನ ಕಡೆಗೆ ತಳ್ಳುತ್ತವೆ. 2006ರಲ್ಲಿ ಬಂದ ಅಡಾಪ್ಟ್ ಪ್ರಯೋಗದಲ್ಲಿ ಇದೇ ಗುಂಪಿನ ರೋಸಿಗ್ಲಿಟಜೋನ್ ಪಡೆದ ಹೆಂಗಸರಲ್ಲಿ ಮೂಳೆ ಮುರಿತ, ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆಯಾದ ಮೆಟ್‌ಫಾರ್ಮಿನ್ ಪಡೆದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಸಕ್ಕರೆಯ ಅಂಕಿ ಮಾತ್ರ ಚೆನ್ನಾಗಿ ಇಳಿದಿತ್ತು.

ತೂಕ ಇಳಿಸುವ ಚುಚ್ಚುಮದ್ದು ಮತ್ತು ಮೂಳೆ

ಈಗ ಎಲ್ಲರ ಬಾಯಲ್ಲಿರುವ ವಿಷಯಕ್ಕೆ ಬರೋಣ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಸಾಕು ಎಂದು ಮೆದುಳಿಗೆ ಹೇಳುತ್ತದೆ. ರಕ್ತದಲ್ಲಿ ಅದು ಕೆಲವೇ ನಿಮಿಷ ಉಳಿಯುತ್ತದೆ. ಅದನ್ನು ಹೋಲುವ, ಆದರೆ ದಿನಗಟ್ಟಲೆ ಉಳಿಯುವ ಅಣುಗಳೇ ಈಗಿನ ಚುಚ್ಚುಮದ್ದುಗಳು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9 ಇಳಿಯಿತು, ಔಷಧಿಯಿಲ್ಲದ ಚುಚ್ಚುಮದ್ದು ಪಡೆದವರದು ಶೇ. 2.4. ಮರುವರ್ಷ ಬಂದ ಟಿರ್ಜೆಪಟೈಡ್ ಎರಡು ಕರುಳಿನ ಹಾರ್ಮೋನುಗಳ ಕೆಲಸ ಮಾಡುತ್ತದೆ. ಅದರ ದೊಡ್ಡ ಡೋಸ್‌ನಲ್ಲಿ 72 ವಾರಕ್ಕೆ ಶೇ. 20.9.

ಇದು ನಿಜಕ್ಕೂ ದೊಡ್ಡ ಬದಲಾವಣೆ. ಬೊಜ್ಜನ್ನು ಮನಸ್ಸಿನ ದೌರ್ಬಲ್ಯ ಎಂದು ಬೈಯುತ್ತಿದ್ದ ಜಗತ್ತಿಗೆ, ಹಸಿವು ಕೂಡ ಹಾರ್ಮೋನಿನ ಹಿಡಿತದಲ್ಲಿದೆ ಎಂದು ಈ ಔಷಧಿಗಳು ಕಣ್ಣಿಗೆ ಕಾಣುವ ಹಾಗೆ ತೋರಿಸಿದವು. 2023ರಲ್ಲಿ ಬಂದ 17,604 ಜನರ ಸೆಲೆಕ್ಟ್ ಪ್ರಯೋಗದಲ್ಲಿ, ಈಗಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರಲ್ಲಿ ಸೆಮಾಗ್ಲುಟೈಡ್‌ನಿಂದ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಇವೆಲ್ಲ ಒಟ್ಟಾಗಿ ಶೇ. 20ರಷ್ಟು ಕಡಿಮೆಯಾದವು. ಇಲ್ಲಿ ಅಂಕಿಯ ಜೊತೆಗೆ ಮನುಷ್ಯನಿಗೂ ಲಾಭ ಆಯಿತು.

ಆದರೆ ತೂಕ ಯಾವ ದಾರಿಯಿಂದ ಇಳಿದರೂ ಮೂಳೆ ಸ್ವಲ್ಪ ಸವೆಯುತ್ತದೆ. ಮೂಳೆಯ ಮೇಲೆ ಬೀಳುವ ಭಾರ ಕಡಿಮೆಯಾದದ್ದನ್ನು ಆಸ್ಟಿಯೊಸೈಟ್‌ಗಳು ಗಮನಿಸುತ್ತವೆ. ಕೊಬ್ಬಿನ ಜೊತೆ ಒಂದಷ್ಟು ಸ್ನಾಯುವೂ ಹೋಗುತ್ತದೆ. ಕೊಬ್ಬಿನ ಕೋಶಗಳು ತಯಾರಿಸುತ್ತಿದ್ದ ಈಸ್ಟ್ರೋಜೆನ್ ಕೂಡ ಇಳಿಯುತ್ತದೆ. ಊಟ ಕಡಿಮೆಯಾದ ಮೇಲೆ ಪ್ರೋಟೀನು, ಕ್ಯಾಲ್ಸಿಯಂ ಕೂಡ ಕಡಿಮೆಯಾಗಬಹುದು. ಮೂಳೆ ಮುರಿಯುವ ಅಪಾಯ ಮೊದಲೇ ಹೆಚ್ಚಿದ್ದ 64 ಜನರ ಮೇಲೆ ಡೆನ್ಮಾರ್ಕಿನಲ್ಲಿ ಒಂದು ವರ್ಷ ನಡೆದ ಪ್ರಯೋಗದಲ್ಲಿ, ಸೆಮಾಗ್ಲುಟೈಡ್ ಪಡೆದವರಲ್ಲಿ ಮೂಳೆ ಕೆಡವುವ ಸೂಚಕ ಏರಿತ್ತು, ಕಟ್ಟುವ ಸೂಚಕ ಏರಿರಲಿಲ್ಲ. ಸೊಂಟ ಮತ್ತು ಬೆನ್ನಿನ ಸಾಂದ್ರತೆ ಇಳಿದಿತ್ತು.

ಇದನ್ನು ತಡೆಯಬಹುದೇ? ಅದಕ್ಕೂ ಉತ್ತರ ಡೆನ್ಮಾರ್ಕಿನಿಂದಲೇ ಬಂತು. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೊಜ್ಜು ಇರುವ, ಸಕ್ಕರೆ ಕಾಯಿಲೆ ಇಲ್ಲದ 195 ಜನ ಇದ್ದರು. ಮೊದಲು ಎಂಟು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿ ಸರಾಸರಿ 13 ಕಿಲೊ ಇಳಿಸಿದರು. ಆಮೇಲೆ ಒಂದು ವರ್ಷ ನಾಲ್ಕು ಗುಂಪು: ಬರೀ ವ್ಯಾಯಾಮ, ಬರೀ ಲಿರಾಗ್ಲುಟೈಡ್ (ಸೆಮಾಗ್ಲುಟೈಡ್ ಜಾತಿಯದೇ) ಚುಚ್ಚುಮದ್ದು, ಎರಡೂ, ಎರಡೂ ಇಲ್ಲ. ಬರೀ ಚುಚ್ಚುಮದ್ದು ಪಡೆದವರ ಮೂಳೆ ಸೊಂಟದಲ್ಲೂ ಬೆನ್ನಿನಲ್ಲೂ ವ್ಯಾಯಾಮದವರಿಗಿಂತ ಹೆಚ್ಚು ಸವೆಯಿತು. ಎರಡೂ ಮಾಡಿದವರ ತೂಕ ಎಲ್ಲರಿಗಿಂತ ಜಾಸ್ತಿ ಇಳಿಯಿತು, ಒಟ್ಟು ಸುಮಾರು 17 ಕಿಲೊ. ಆದರೂ ಅವರ ಸೊಂಟ ಮತ್ತು ಬೆನ್ನಿನ ಸಾಂದ್ರತೆ ಏನೂ ಪಡೆಯದ ಗುಂಪಿನವರ ಮಟ್ಟದಲ್ಲೇ ಉಳಿಯಿತು.

ನನ್ನ ದೃಷ್ಟಿಯಲ್ಲಿ ಈ ಔಷಧಿಗಳ ಬಗ್ಗೆ ಇದುವರೆಗೆ ಬಂದ ಅತ್ಯಂತ ಉಪಯೋಗದ ಮಾಹಿತಿ ಇದು. ಚುಚ್ಚುಮದ್ದು ಬರೆದುಕೊಡುವಾಗ ಮೂಳೆಗೆ ಭಾರ ಬೀಳುವ ವ್ಯಾಯಾಮವನ್ನೂ ಅದೇ ಚೀಟಿಯಲ್ಲಿ ಬರೆಯಬೇಕು. ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ, ವಯಸ್ಸಾದವರಿಗೆ.

ವಿಟಮಿನ್ ಡಿ: ಕಡಿಮೆಯೂ ಬೇಡ, ಅತಿಯೂ ಬೇಡ

ವಿಟಮಿನ್ ಡಿ ತೀರಾ ಕಡಿಮೆಯಾದರೆ ಮಕ್ಕಳಲ್ಲಿ ಮೂಳೆ ಬಾಗುವ ರಿಕೆಟ್ಸ್ ಬರುತ್ತದೆ, ದೊಡ್ಡವರಲ್ಲಿ ಮೂಳೆ ಮೆತ್ತಗಾಗುತ್ತದೆ. ಅದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇರುವುದು ಆರೋಗ್ಯವಾಗಿರುವವರೂ ಮಾತ್ರೆ ನುಂಗಬೇಕೇ ಎಂಬುದರಲ್ಲಿ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರಿಗೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಅಥವಾ ವಿಟಮಿನ್ ಇಲ್ಲದ ಮಾತ್ರೆ ಕೊಟ್ಟು ಸುಮಾರು ಐದು ವರ್ಷ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ಮೂಳೆ ಮುರಿತದಲ್ಲಿ ವ್ಯತ್ಯಾಸ ಇಲ್ಲ. ಅದಕ್ಕೂ ಮುಂಚೆ, 2010ರಲ್ಲಿ, ಆಸ್ಟ್ರೇಲಿಯಾದ ಇನ್ನೊಂದು ಪ್ರಯೋಗ ಇದಕ್ಕಿಂತ ಕಟುವಾದ ಪಾಠ ಕಲಿಸಿತ್ತು. 70 ದಾಟಿದ 2,256 ಹೆಂಗಸರ ಪೈಕಿ ಅರ್ಧ ಜನಕ್ಕೆ ವರ್ಷಕ್ಕೊಂದು ಸಲ 5 ಲಕ್ಷ ಯೂನಿಟ್ ಒಮ್ಮೆಲೇ ಕೊಟ್ಟರು. ಅವರಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು.

2024ರಲ್ಲಿ ಹಾರ್ಮೋನು ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿಯ ಹೊಸ ಮಾರ್ಗಸೂಚಿ ಬಂತು. ಆರೋಗ್ಯವಾಗಿರುವವರಲ್ಲಿ ವಿಟಮಿನ್ ಡಿ ಮಟ್ಟವನ್ನು ಸುಮ್ನೆ ಪರೀಕ್ಷೆ ಮಾಡಿಸುವುದು ಬೇಡ ಎಂದಿತು. ಮಕ್ಕಳು, ಗರ್ಭಿಣಿಯರು, 75 ದಾಟಿದವರು, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು ಇವರಿಗೆ ಪರೀಕ್ಷೆ ಇಲ್ಲದೆಯೇ ವಿಟಮಿನ್ ಕೊಡಬಹುದು ಎಂದು ಸೂಚಿಸಿತು. ಮೂಳೆ ಸವೆತಕ್ಕೆ ಔಷಧಿ ತಗೊಳ್ಳುತ್ತಿರುವವರ ಲೆಕ್ಕ ಬೇರೆ. ಅವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆ ಆಗದಂತೆ ನೋಡಿಕೊಳ್ಳಲೇಬೇಕು.

ಇನ್ನು ಕೆಲವು ಮಕ್ಕಳಿಗೆ ಎಷ್ಟೇ ವಿಟಮಿನ್ ಡಿ ಕೊಟ್ಟರೂ ರಿಕೆಟ್ಸ್ ವಾಸಿಯಾಗುತ್ತಿರಲಿಲ್ಲ. ಕಾಲು ಬಿಲ್ಲಿನಂತೆ ಬಾಗಿಯೇ ಇರುತ್ತಿತ್ತು. ಅದಕ್ಕೆ ಕಾರಣ ಹುಡುಕುತ್ತಾ ಹೋದ ವಿಜ್ಞಾನಿಗಳಿಗೆ ಸಿಕ್ಕಿದ್ದು ಮೂಳೆ ತಾನೇ ತಯಾರಿಸುವ ಒಂದು ಹಾರ್ಮೋನು.

ಮೂಳೆಯೂ ಮಾತಾಡುತ್ತದೆ

2000ದಲ್ಲಿ ಗುರುತಿಸಿದ ಆ ಹಾರ್ಮೋನಿನ ಹೆಸರು ಎಫ್‌ಜಿಎಫ್-23. ಆಸ್ಟಿಯೊಸೈಟ್‌ಗಳು ಇದನ್ನು ರಕ್ತಕ್ಕೆ ಬಿಡುತ್ತವೆ. ಮೂತ್ರಪಿಂಡಕ್ಕೆ ಹೋಗಿ ಫಾಸ್ಫೇಟನ್ನು ಹೊರಗೆ ಹಾಕು ಎನ್ನುತ್ತದೆ, ವಿಟಮಿನ್ ಡಿ ಸಕ್ರಿಯವಾಗುವುದನ್ನೂ ತಡೆಯುತ್ತದೆ. ಈ ಮಕ್ಕಳಲ್ಲಿ ಫೆಕ್ಸ್ ಎಂಬ ಜೀನ್ ಕೆಟ್ಟು, ಈ ಹಾರ್ಮೋನು ಅತಿಯಾಗಿ ಸುರಿಯುತ್ತಿತ್ತು. ಫಾಸ್ಫೇಟ್ ಎಲ್ಲ ಮೂತ್ರದಲ್ಲಿ ಹೋಗುತ್ತಿದ್ದರೆ ಮೂಳೆ ಗಟ್ಟಿಯಾಗುವುದು ಹೇಗೆ? 2018ರಲ್ಲಿ ಅನುಮತಿ ಪಡೆದ ಬುರೊಸುಮ್ಯಾಬ್ ಈ ಹಾರ್ಮೋನನ್ನೇ ಹಿಡಿದು ಕಟ್ಟಿಹಾಕುತ್ತದೆ. ಒಂದು ಪ್ರಶ್ನೆಯ ಬೆನ್ನು ಹತ್ತಿ ಜೀನ್, ಹಾರ್ಮೋನು, ಔಷಧಿ ಮೂರನ್ನೂ ತಲುಪಿದ ಈ ಹಾದಿ ನನಗೆ ವೈದ್ಯವಿಜ್ಞಾನದ ಅತ್ಯಂತ ಸೊಗಸಾದ ಕೆಲಸಗಳಲ್ಲಿ ಒಂದು.

ಮೂಳೆಯ ಎಲ್ಲ ಕತೆಗಳೂ ಇಷ್ಟು ಗಟ್ಟಿಯಾಗಿ ನಿಂತಿಲ್ಲ. ಆಸ್ಟಿಯೊಕ್ಯಾಲ್ಸಿನ್ ಎಂಬ ಪ್ರೋಟೀನು ಮೂಳೆಯಿಂದ ಹೊರಟು ಇನ್ಸುಲಿನ್ ಹೆಚ್ಚಿಸುತ್ತದೆ ಎಂದು 2007ರಲ್ಲಿ ಜೆರಾರ್ ಕಾರ್ಸೆಂಟಿ ಅವರ ತಂಡ ಇಲಿಗಳಲ್ಲಿ ತೋರಿಸಿತು. ದೊಡ್ಡ ಸುದ್ದಿಯಾಯಿತು. 2020ರಲ್ಲಿ ಎರಡು ಬೇರೆ ತಂಡಗಳು ಅದೇ ಜೀನ್ ಇಲ್ಲದ ಹೊಸ ಇಲಿಗಳನ್ನು ತಯಾರಿಸಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ.

ಆಮೇಲೆ 2024ರ ಜುಲೈನಲ್ಲಿ ಬಂದ ಒಂದು ಸಂಶೋಧನೆ. ಎದೆಹಾಲು ಉಣಿಸುವ ತಾಯಿಯ ದೇಹದಿಂದ ದಿನವೂ ಸುಮಾರು 200ರಿಂದ 300 ಮಿಲಿಗ್ರಾಂ ಕ್ಯಾಲ್ಸಿಯಂ ಹಾಲಿಗೆ ಹೋಗುತ್ತದೆ. ಅದಕ್ಕಾಗಿ ಅವಳ ಮೂಳೆ ಕರಗುತ್ತದೆ. ಆ ಸಮಯದಲ್ಲಿ ಮೂಳೆ ಕಾಯುವ ಈಸ್ಟ್ರೋಜೆನ್ ಕೂಡ ತೀರಾ ಕಡಿಮೆ. ಹಾಗಿದ್ದರೂ ತಾಯಿಯ ಮೂಳೆ ಪೂರ್ತಿ ಕುಸಿಯುವುದಿಲ್ಲ, ಹಾಲು ಬಿಡಿಸಿದ ಮೇಲೆ ಬಹುಪಾಲು ಮರಳಿ ಕಟ್ಟಿಕೊಳ್ಳುತ್ತದೆ. ಯಾವ ಶಕ್ತಿ ಅದನ್ನು ಹಿಡಿದು ನಿಲ್ಲಿಸುತ್ತದೆ?

ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಲಿ ಇಂಗ್ರಹಾಂ ಅವರ ತಂಡಕ್ಕೆ ಇದರ ಸುಳಿವು ಬೇರೆ ಕಡೆಯಿಂದ ಸಿಕ್ಕಿತ್ತು. 2019ರಲ್ಲಿ ಅವರು ಹೆಣ್ಣು ಇಲಿಗಳ ಮೆದುಳಿನ ಒಂದು ಸಣ್ಣ ಭಾಗದಲ್ಲಿ ಈಸ್ಟ್ರೋಜೆನ್ ಗ್ರಾಹಕವನ್ನು ತೆಗೆದಾಗ ಮೂಳೆ ಅಸಾಧಾರಣವಾಗಿ ಬಲವಾಯಿತು. ಗಂಡು ಇಲಿಗಳಲ್ಲಿ ಹಾಗಾಗಲಿಲ್ಲ. ಮೆದುಳಿನ ಆ ಭಾಗದಿಂದ ಯಾವುದೋ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತಿರಬೇಕು ಎಂದು ಹುಡುಕುತ್ತಾ ಹೋದರು. ಸಿಕ್ಕಿದ್ದು ಸಿಸಿಎನ್-3. ಹಾಲುಣಿಸುವ ಇಲಿಗಳ ಮೆದುಳಿನಲ್ಲಿ ಅದು ತಾನಾಗಿಯೇ ಏರುತ್ತಿತ್ತು. ಅದನ್ನು ತಡೆದಾಗ ತಾಯಿಯ ಮೂಳೆ ಬೇಗ ಸವೆಯಿತು, ಮರಿಗಳ ತೂಕವೂ ಇಳಿಯಿತು. ವಯಸ್ಸಾದ ಇಲಿಗಳ ಮುರಿದ ಮೂಳೆಯ ಮೇಲೆ ಸಿಸಿಎನ್-3 ತುಂಬಿದ ಪಟ್ಟಿ ಇಟ್ಟಾಗ ಅಲ್ಲಿ ಹೊಸ ಮೂಳೆ ಬೆಳೆಯಿತು. ಇದೆಲ್ಲ ಇಲಿಗಳಲ್ಲಿ. ಮನುಷ್ಯರಿಗೆ ಔಷಧಿಯಾಗಲು ಇನ್ನೂ ದೂರ ಇದೆ. ಆದರೆ ಹೆಣ್ಣುಜೀವಗಳನ್ನು, ಅದರಲ್ಲೂ ಹಾಲುಣಿಸುವ ತಾಯಂದಿರನ್ನು ಪ್ರಯೋಗಾಲಯಗಳು ಎಷ್ಟು ಕಾಲ ಬದಿಗಿಟ್ಟಿದ್ದವು ಎಂದು ನೆನೆದರೆ, ಇದು ಅಲ್ಲೇ ಸಿಕ್ಕಿತಲ್ಲ ಎಂಬುದು ದೊಡ್ಡ ವಿಷಯ.

ಔಷಧಿ ಯಾವಾಗ, ಯಾವುದರ ಹಿಂದೆ ಯಾವುದು

ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಸಮುದಾಯದ ಕೆಲವು ಕುಟುಂಬಗಳಲ್ಲಿ ಒಂದು ಅಪರೂಪದ ಕಾಯಿಲೆ ಇದೆ. ಅವರ ಮೂಳೆ ಬೆಳೆಯುತ್ತಲೇ ಹೋಗುತ್ತದೆ, ಸುಲಭಕ್ಕೆ ಮುರಿಯುವುದೇ ಇಲ್ಲ. ಆದರೆ ತಲೆಬುರುಡೆ ದಪ್ಪವಾಗಿ ನರಗಳನ್ನು ಒತ್ತುವುದರಿಂದ ಕಿವಿ ಕೇಳದಂತಾಗುತ್ತದೆ, ಮುಖದ ಸ್ನಾಯುಗಳು ಸೋಲುತ್ತವೆ. 2001ರಲ್ಲಿ ಇದರ ಜೀನ್ ಸಿಕ್ಕಿತು. ಆಸ್ಟಿಯೊಸೈಟ್‌ಗಳು ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನು ಬಿಟ್ಟು, ಕಟ್ಟಿದ್ದು ಸಾಕು ಎಂದು ತಡೆ ಹಾಕುತ್ತವೆ. ಇವರಲ್ಲಿ ಆ ತಡೆಯೇ ಇರಲಿಲ್ಲ. ಆ ತಡೆಯನ್ನು ಕೆಲವು ಕಾಲ ಮಾತ್ರ ತೆಗೆದರೆ ಮೂಳೆ ಸವೆದವರಿಗೆ ಲಾಭವಾಗಬಹುದಲ್ಲ? ಹಾಗೆ ಹುಟ್ಟಿದ ರೊಮೊಸೊಜುಮ್ಯಾಬ್ 2019ರಲ್ಲಿ ಬಳಕೆಗೆ ಬಂತು. ತಿಂಗಳಿಗೊಮ್ಮೆ, ಒಂದು ವರ್ಷ ಮಾತ್ರ. ಮುಟ್ಟು ನಿಂತ 7,180 ಹೆಂಗಸರ ಪ್ರಯೋಗದಲ್ಲಿ ಒಂದು ವರ್ಷಕ್ಕೆ ಬೆನ್ನುಮೂಳೆಯ ಹೊಸ ಮುರಿತ ಶೇ. 73ರಷ್ಟು ಕಡಿಮೆಯಾಯಿತು. ಇನ್ನೊಂದು ಪ್ರಯೋಗದಲ್ಲಿ ಹೃದಯದ ತೊಂದರೆ ತುಸು ಹೆಚ್ಚು ಕಂಡದ್ದರಿಂದ, ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಇದನ್ನು ಕೊಡಬಾರದು ಎಂಬ ಎಚ್ಚರಿಕೆ ಇದೆ.

ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು. ಕೆಡವುವ ಕೋಶಗಳು ಬೆಳೆಯದಂತೆ ತಡೆಯುತ್ತದೆ. 2009ರ ಪ್ರಯೋಗದಲ್ಲಿ ಮೂರು ವರ್ಷಕ್ಕೆ ಬೆನ್ನುಮೂಳೆ ಮುರಿತ ಶೇ. 68 ಇಳಿದಿತ್ತು. ಆದರೆ ಇದರಲ್ಲಿ ಒಂದು ಅಪಾಯ ಇದೆ, ಅದು ಪ್ರತಿ ರೋಗಿಗೂ ಗೊತ್ತಿರಲೇಬೇಕು. ಹೇಳದೆ ಕೇಳದೆ ನಿಲ್ಲಿಸಿದರೆ ತಡೆದು ನಿಂತಿದ್ದ ಕೆಡವುವ ಕೋಶಗಳು ಒಮ್ಮೆಲೇ ಎಚ್ಚೆತ್ತು, ಗಳಿಸಿದ ಮೂಳೆಯನ್ನೆಲ್ಲ ಬೇಗ ಕರಗಿಸುತ್ತವೆ. ಕೆಲವರಿಗೆ ಬೆನ್ನಿನ ಹಲವು ಮೂಳೆಗಳು ಒಟ್ಟಿಗೆ ಕುಸಿದಿವೆ. ಚುಚ್ಚುಮದ್ದು ತಿಂಗಳುಗಟ್ಟಲೆ ತಡವಾಗುವುದೂ ಅಪಾಯ. ನಿಲ್ಲಿಸಲೇಬೇಕಾದರೆ ಅದರ ಬೆನ್ನಿಗೆ ಇನ್ನೊಂದು ಔಷಧಿ ಶುರು ಮಾಡಬೇಕು. ರೊಮೊಸೊಜುಮ್ಯಾಬ್ ಮುಗಿದ ಮೇಲೂ ಅಷ್ಟೇ.

ಮೂಳೆ ಸವೆತದ ಇನ್ನೊಂದು ಔಷಧಿಯಾದ ಜೊಲೆಡ್ರೊನೇಟ್‌ನ ಸ್ವಭಾವ ಇದಕ್ಕೆ ವಿರುದ್ಧ. ಅದು ಮೂಳೆಯ ಖನಿಜಕ್ಕೇ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಎಷ್ಟು ವರ್ಷ ಎಂಬುದಕ್ಕೆ 2025ರ ಜನವರಿಯಲ್ಲಿ ನ್ಯೂಜಿಲೆಂಡಿನಿಂದ ಉತ್ತರ ಬಂತು. 50ರಿಂದ 60 ವರ್ಷದ, ಇನ್ನೂ ಮೂಳೆ ಸವೆತದ ಗೆರೆ ಮುಟ್ಟದ 1,054 ಹೆಂಗಸರನ್ನು ಹತ್ತು ವರ್ಷ ಗಮನಿಸಿದರು. ಕೆಲವರಿಗೆ ಶುರುವಿನಲ್ಲಿ ಒಮ್ಮೆ, ಐದು ವರ್ಷದ ನಂತರ ಇನ್ನೊಮ್ಮೆ ಡ್ರಿಪ್ ಮೂಲಕ ಔಷಧಿ ಕೊಟ್ಟರು. ಕೆಲವರಿಗೆ ಶುರುವಿನಲ್ಲಿ ಒಮ್ಮೆ ಮಾತ್ರ. ಉಳಿದವರಿಗೆ ಬರೀ ಡ್ರಿಪ್. ಹತ್ತು ವರ್ಷದಲ್ಲಿ ಬೆನ್ನುಮೂಳೆಯ ಹೊಸ ಮುರಿತ ಔಷಧಿ ಪಡೆಯದವರಲ್ಲಿ ಶೇ. 11.1, ಎರಡು ಸಲ ಪಡೆದವರಲ್ಲಿ ಶೇ. 6.3, ಒಂದೇ ಒಂದು ಸಲ ಪಡೆದವರಲ್ಲಿ ಶೇ. 6.6.

ಈ ಪ್ರಯೋಗದ ಅಳತೆಗೋಲು ಸಾಂದ್ರತೆಯ ಅಂಕಿ ಆಗಿರಲಿಲ್ಲ, ಮೂಳೆ ಮುರಿಯಿತೇ ಇಲ್ಲವೇ ಎಂಬುದೇ ಆಗಿತ್ತು. ಟಿ ಸ್ಕೋರ್ ಮೈನಸ್ 2.5 ದಾಟುವವರೆಗೆ ಕಾಯಬೇಕೇ, ಮುಟ್ಟು ನಿಂತ ಕೆಲವೇ ವರ್ಷಗಳಲ್ಲಿ ಒಂದು ಡ್ರಿಪ್ ಕೊಟ್ಟುಬಿಡಬೇಕೇ ಎಂಬ ಪ್ರಶ್ನೆ ಈಗ ಮೂಳೆ ವೈದ್ಯರ ಮುಂದಿದೆ.